ಮೈಭಾರದ ಜಮಾಖರ್ಚು

ಸ್ಥೂಲಕಾಯನಾದ ಒಬ್ಬಾತನು ಕೆಲವು ತಿಂಗಳು ನಿಯಮದಿಂದ ಉಂಡು, ನಿಯಮದಿಂದ ನಡೆದಾಡಿ, ಹತ್ತು ಕಿಲೋಗ್ರಾಂ ಕೊಬ್ಬನ್ನು ಕಳೆದುಕೊಂಡನೆಂದು ಭಾವಿಸೋಣ. ಆ ಹತ್ತು ಕಿಲೋಗ್ರಾಂ ಪದಾರ್ಥವು ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಕೇಳಿದರೆ ಹಲವರು ಅದು ಕರಗಿ ಬೆವರಾಗಿ ಹೋಯಿತು ಎನ್ನುವರು. ಕೆಲವರು ಶಕ್ತಿಯಾಗಿ ಮಾರ್ಪಟ್ಟಿತು ಎನ್ನುವರು. ಮತ್ತೆ ಕೆಲವರು ಮಲಮೂತ್ರಗಳ ಮೂಲಕ ಹೊರಬಿದ್ದಿತು ಎನ್ನುವರು. ಈ ಮೂರು ಉತ್ತರಗಳಲ್ಲಿ ಯಾವುದೂ ಸರಿಯಲ್ಲ. ನಂಬಲು ಕಷ್ಟವೆಂದು ತೋರಿದರೂ ನಿಜವಾದ ಉತ್ತರವು ಹೀಗಿದೆ: ಆ ಕೊಬ್ಬಿನ ಬಹುಭಾಗವು ಅವನ ಉಸಿರಿನ ಮೂಲಕ ಹೊರಟು ಗಾಳಿಯಲ್ಲಿ ಸೇರಿಹೋಯಿತು.

ಇದು ಕೇವಲ ಕುತೂಹಲದ ವಿಷಯವಲ್ಲ. ಮೈಭಾರವನ್ನು ಇಳಿಸುವುದಾಗಿ ಸಾರುವ ಪುಡಿಗಳು, ಕಷಾಯಗಳು, ನಡುಪಟ್ಟಿಗಳು, ಹತ್ತು ದಿನದ ಪಥ್ಯಗಳು ಇಂದು ಪೇಟೆಯಲ್ಲಿ ಹೇರಳವಾಗಿವೆ. ಅವುಗಳ ಮಾತನ್ನು ನಂಬಬೇಕೋ ಬಿಡಬೇಕೋ ಎಂಬುದನ್ನು ನಿರ್ಣಯಿಸಬೇಕಾದರೆ, ಕೊಬ್ಬು ದೇಹದಲ್ಲಿ ಹೇಗೆ ಕೂಡಿಕೊಳ್ಳುತ್ತದೆ, ಹೇಗೆ ವ್ಯಯವಾಗುತ್ತದೆ ಎಂಬುದನ್ನು ನಾವು ಮೊದಲು ತಿಳಿಯಬೇಕು. ಅದನ್ನು ತಿಳಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದೇಹದ ತೂಕವು ಕೆಲವು ದಿನಗಳ ಸಾಹಸಕ್ಕೆ ಮಣಿಯತಕ್ಕದ್ದಲ್ಲ. ವರ್ಷಗಟ್ಟಲೆ ಬಿಡದೆ ನಡೆಯುವ ಸಣ್ಣ ಅಭ್ಯಾಸಗಳಿಗೆ ಅದು ಮಣಿಯುತ್ತದೆ.

ತಕ್ಕಡಿಯಲ್ಲಿ ಕುಳಿತ ವೈದ್ಯ

ಇಟಲಿಯ ಪಾದುವಾ ನಗರದಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕನಾಗಿದ್ದ ಸಾಂತೋರಿಯೊ ಎಂಬಾತನು ಸುಮಾರು ೩೦ ವರ್ಷಗಳ ಕಾಲ ತನ್ನನ್ನು ತಾನೇ ತೂಗಿಕೊಂಡನು. ದೊಡ್ಡದೊಂದು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ ಅದರ ಮೇಲೆ ಕುಳಿತು ಉಣ್ಣುತ್ತಿದ್ದನು. ತಿಂದುದನ್ನೂ ಕುಡಿದುದನ್ನೂ ವಿಸರ್ಜಿಸಿದುದನ್ನೂ ತೂಗಿ ಬರೆದಿಡುತ್ತಿದ್ದನು. ಹೊಟ್ಟೆಗೆ ಹೋದುದರಲ್ಲಿ ಅರ್ಧಕ್ಕೂ ಹೆಚ್ಚು ಭಾಗವು ಕಣ್ಣಿಗೆ ಕಾಣದ ದಾರಿಯಿಂದ ಹೊರಟುಹೋಗುತ್ತದೆಂದು ಅವನು ಕಂಡುಕೊಂಡನು. ಆ ವಿವರಗಳು ೧೬೧೪ರಲ್ಲಿ ಗ್ರಂಥವಾಗಿ ಪ್ರಕಟವಾದವು. ಆದರೆ ಆ ಕಾಣದ ದಾರಿ ಯಾವುದೆಂಬುದು ಅವನ ಕಾಲದಲ್ಲಿ ಪೂರ್ಣವಾಗಿ ಬಗೆಹರಿಯಲಿಲ್ಲ.

ಅದನ್ನು ಬಗೆಹರಿಸಿದವನು ಫ್ರಾನ್ಸಿನ ಲವಾಸಿಯೇ. ಅವನು ತನ್ನ ಮಿತ್ರನಾದ ಲಾಪ್ಲಾಸನೊಡನೆ ಸೇರಿ ೧೭೮೨–೮೩ರ ಚಳಿಗಾಲದಲ್ಲಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿರಿಸಿದನು. ಪ್ರಾಣಿಯ ಮೈಕಾವಿನಿಂದ ಎಷ್ಟು ಮಂಜುಗಡ್ಡೆ ಕರಗಿತೆಂಬುದನ್ನು ಅಳೆದು, ಅದು ಉಸಿರಿನಲ್ಲಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನೊಡನೆ ಹೋಲಿಸಿದನು. ಇದ್ದಲು ಉರಿಯುವಾಗ ಹುಟ್ಟುವ ಕಾವಿಗೂ ಅನಿಲಕ್ಕೂ ಇರುವ ಸಂಬಂಧವೇ ಹೆಚ್ಚುಕಡಮೆ ಇಲ್ಲಿಯೂ ಕಂಡುಬಂದಿತು. ಉಸಿರಾಟವೆಂದರೆ ಜ್ವಾಲೆಯಿಲ್ಲದ ನಿಧಾನವಾದ ದಹನವೆಂದು ಅವರು ನಿರ್ಣಯಿಸಿದರು.

ಕೊಬ್ಬಿನ ಅಣುವಿನಲ್ಲಿರುವುದು ಇಂಗಾಲ, ಜಲಜನಕ ಮತ್ತು ಸ್ವಲ್ಪ ಆಮ್ಲಜನಕ. ದೇಹದ ಜೀವಕೋಶಗಳಲ್ಲಿ ಅದು ಉರಿದಾಗ ಇಂಗಾಲದ ಡೈಆಕ್ಸೈಡೂ ನೀರೂ ಹುಟ್ಟುತ್ತವೆ. ಆಸ್ಟ್ರೇಲಿಯದ ಮೀರ್ಮನ್ ಮತ್ತು ಬ್ರೌನ್ ಎಂಬವರು ೨೦೧೪ರಲ್ಲಿ ಇದರ ಲೆಕ್ಕವನ್ನು ವಿಶದಪಡಿಸಿದರು. ಹತ್ತು ಕಿಲೋಗ್ರಾಂ ಕೊಬ್ಬು ಪೂರ್ಣವಾಗಿ ಉರಿಯಲು ೨೯ ಕಿಲೋಗ್ರಾಂ ಆಮ್ಲಜನಕ ಬೇಕು. ಅದರಿಂದ ೨೮ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೂ ೧೧ ಕಿಲೋಗ್ರಾಂ ನೀರೂ ಉಂಟಾಗುತ್ತವೆ. ಕೊಬ್ಬಿನಲ್ಲಿದ್ದ ಪರಮಾಣುಗಳನ್ನು ಮಾತ್ರ ಹಿಂಬಾಲಿಸಿ ನೋಡಿದರೆ, ಹತ್ತರಲ್ಲಿ ೮.೪ ಕಿಲೋಗ್ರಾಂ ಉಸಿರಿನ ಅನಿಲವಾಗಿಯೂ ಉಳಿದ ೧.೬ ಕಿಲೋಗ್ರಾಂ ನೀರಾಗಿಯೂ ಹೊರಟುಹೋಗುತ್ತವೆ.

ಹಾಗಾದರೆ ಕುಳಿತಲ್ಲಿಯೇ ಜೋರಾಗಿ ಉಸಿರಾಡಿದರೆ ಸಾಲದೆ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಕೇಳಬಹುದು. ಸಾಲದು. ಉಸಿರು ಹೊಗೆಗೂಡಿನಂತೆ, ಒಲೆಯಲ್ಲಿ ಉರಿದುದನ್ನು ಅದು ಹೊರಗೆ ಸಾಗಿಸುತ್ತದೆ, ಅಷ್ಟೆ. ಹೊಗೆಗೂಡನ್ನು ಎಷ್ಟು ಗುಡಿಸಿದರೂ ಒಲೆಯಲ್ಲಿ ಸೌದೆ ಹೆಚ್ಚು ಉರಿಯುವುದಿಲ್ಲ. ಬಲವಂತವಾಗಿ ಉಸಿರಾಡಿದವನಿಗೆ ತಲೆ ಸುತ್ತುವುದೇ ಫಲ. ಕೊಬ್ಬು ಉರಿಯಬೇಕಾದರೆ ದೇಹಕ್ಕೆ ಅದರ ಅಗತ್ಯವು ಬೀಳಬೇಕು.

ಉಷ್ಣದ ಲೆಕ್ಕ

ಆ ಅಗತ್ಯವನ್ನು ಅಳೆಯುವ ಮಾನವೇ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖವು ಆಹಾರಶಾಸ್ತ್ರದ ಒಂದು ಕ್ಯಾಲೊರಿ. ೧೮೯೦ರ ದಶಕದಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ರಸಾಯನ ಶಾಸ್ತ್ರಜ್ಞರು ಭೌತವಿಜ್ಞಾನಿ ರೋಸಾ ಅವರೊಡಗೂಡಿ ಮನುಷ್ಯನು ದಿನಗಟ್ಟಲೆ ವಾಸಿಸಬಹುದಾದ ಒಂದು ಪುಟ್ಟ ಕೋಣೆಯನ್ನು ರಚಿಸಿದರು. ಒಳಗಿದ್ದವನು ಉಂಡ ಆಹಾರದ ಶಕ್ತಿಯನ್ನೂ ಅವನ ದೇಹದಿಂದ ಹೊರಟ ಶಾಖವನ್ನೂ ಮಾಡಿದ ಕೆಲಸವನ್ನೂ ಅಳೆದು ತಾಳೆ ನೋಡಿದಾಗ ಎರಡು ಕಡೆಯ ಮೊತ್ತಗಳೂ ಬಹಳ ಮಟ್ಟಿಗೆ ಸರಿಹೋದವು. ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ ಎಂಬ ನಿಯಮಕ್ಕೆ ಉಗಿಯಂತ್ರದಂತೆಯೇ ಮನುಷ್ಯದೇಹವೂ ಒಳಪಟ್ಟಿದೆಯೆಂಬುದು ಹೀಗೆ ಸಿದ್ಧವಾಯಿತು.

ಒಂದು ಗ್ರಾಂ ಶರ್ಕರಪಿಷ್ಟದಿಂದಲೂ ಒಂದು ಗ್ರಾಂ ಪ್ರೋಟೀನಿನಿಂದಲೂ ದೇಹಕ್ಕೆ ಸುಮಾರು ೪ ಕ್ಯಾಲೊರಿ ದೊರೆಯುತ್ತದೆ. ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಿಂದ ೯ ಕ್ಯಾಲೊರಿ. ಇದು ಜಮೆಯ ಕಡೆ. ಖರ್ಚಿನ ಕಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೃದಯದ ಬಡಿತ, ಉಸಿರಾಟ, ಮಿದುಳಿನ ವ್ಯಾಪಾರ, ಮೈಯ ಕಾವು ಇವುಗಳಿಗಾಗಿಯೇ, ಕುಳಿತು ಕೆಲಸ ಮಾಡುವವರಲ್ಲಿ ದಿನದ ವೆಚ್ಚದ ಸುಮಾರು ಮೂರನೆಯ ಎರಡು ಪಾಲು ಸಲ್ಲುತ್ತದೆ. ಆಹಾರವನ್ನು ಅರಗಿಸಿಕೊಳ್ಳಲು ಸ್ವಲ್ಪ ವೆಚ್ಚವುಂಟು. ಉಳಿದುದು ಮೈಯಾಡಿಸುವುದಕ್ಕೆ. ನಮ್ಮ ಇಚ್ಛೆಗೆ ಹೆಚ್ಚಾಗಿ ಒಳಪಟ್ಟಿರುವುದು ಈ ಕೊನೆಯ ಬಾಬು. ಜಮೆಯು ಖರ್ಚನ್ನು ಮೀರಿದಾಗ ಉಳಿಕೆಯು ಕೊಬ್ಬಾಗಿ ಸಂಗ್ರಹವಾಗುತ್ತದೆ. ಬರಗಾಲದ ಭಯದಲ್ಲಿಯೇ ಸಹಸ್ರಾರು ವರ್ಷ ಬಾಳಿದ ಮಾನವಕುಲಕ್ಕೆ ಈ ಸಂಗ್ರಹವು ವರವಾಗಿದ್ದಿತು. ವರ್ಷವಿಡೀ ಸುಗ್ಗಿಯಾಗಿರುವ ಮನೆಗಳಲ್ಲಿ ಅದೇ ಹೊರೆಯಾಗಿದೆ.

ಕೆರೆಯೂ ತೂಬೂ

ಈಗ ಒಂದು ಸಣ್ಣ ಲೆಕ್ಕವನ್ನು ನೋಡೋಣ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರೊಬ್ಬರು ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದವರು ಒಂದಕ್ಕೆ ಇಳಿಸಿದರು ಎನ್ನೋಣ. ಚಮಚಕ್ಕೆ ೫ ಗ್ರಾಮಿನಂತೆ ದಿನಕ್ಕೆ ೨೦ ಗ್ರಾಂ ಸಕ್ಕರೆ, ಎಂದರೆ ೮೦ ಕ್ಯಾಲೊರಿ ಉಳಿಯಿತು. ವರ್ಷಕ್ಕೆ ೨೯,೨೦೦ ಕ್ಯಾಲೊರಿ. ಮೈಯಲ್ಲಿ ಸಂಗ್ರಹವಾಗಿರುವ ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು ೭,೭೦೦ ಕ್ಯಾಲೊರಿ ಅಡಗಿರುತ್ತದೆ. ಭಾಗಿಸಿದರೆ ವರ್ಷಕ್ಕೆ ಸುಮಾರು ೩.೮ ಕಿಲೋಗ್ರಾಂ ಇಳಿಯಬೇಕು. ಬಹುಕಾಲ ಪುಸ್ತಕಗಳಲ್ಲಿ ಕೊಡುತ್ತಿದ್ದ ಲೆಕ್ಕ ಇದೇ. ಆದರೆ ಇದನ್ನು ಮುಂದುವರಿಸಿ ನೋಡಿದರೆ ಹತ್ತು ವರ್ಷಕ್ಕೆ ೩೮ ಕಿಲೋಗ್ರಾಂ ಇಳಿದು, ಮೂವತ್ತು ವರ್ಷದ ಹೊತ್ತಿಗೆ ಕಾಫಿ ಕುಡಿಯುವವರೇ ಮಾಯವಾಗಬೇಕಾಗುತ್ತದೆ! ಲೆಕ್ಕದಲ್ಲಿ ಏನೋ ಕೊರತೆಯಿದೆಯೆಂಬುದು ಸ್ಪಷ್ಟ.

ಆ ಕೊರತೆಯನ್ನು ನಮ್ಮ ಊರಿನ ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆಗೆ ಬರುವ ಕಾಲುವೆಯ ನೀರು ಸ್ವಲ್ಪ ಕಡಮೆಯಾದರೆ ಕೆರೆ ಪೂರ್ತಿ ಬತ್ತಿಹೋಗುವುದಿಲ್ಲ. ನೀರಿನ ಮಟ್ಟ ಇಳಿದಂತೆಲ್ಲ ತೂಬಿನ ಮೇಲಣ ಒತ್ತಡವೂ ಇಳಿಯುತ್ತದೆ; ಹೊರಹರಿಯುವ ನೀರೂ ಕಡಮೆಯಾಗುತ್ತದೆ. ಕಡೆಗೆ ಒಳಹರಿವೂ ಹೊರಹರಿವೂ ಸಮವಾಗಿ, ಮೊದಲಿಗಿಂತ ಕೆಳಗಿನ ಹೊಸ ಮಟ್ಟದಲ್ಲಿ ನೀರು ನಿಲ್ಲುತ್ತದೆ. ದೇಹವೂ ಹಾಗೆಯೇ. ಹಗುರಾದ ದೇಹವನ್ನು ಹೊತ್ತು ನಡೆಯಲು ಕಡಮೆ ಶಕ್ತಿ ಸಾಕು. ಅದರ ಪೋಷಣೆಗೂ ಕಡಮೆ ಸಾಕು. ಆದಕಾರಣ ಇಳಿತವು ಕ್ರಮೇಣ ನಿಧಾನವಾಗಿ ಒಂದು ಹೊಸ ತೂಕದಲ್ಲಿ ನೆಲೆಗೊಳ್ಳುತ್ತದೆ.

ಅಮೆರಿಕದ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟರು. ಸ್ಥೂಲಕಾಯದ ವಯಸ್ಕರು ದಿನಕ್ಕೆ ಸುಮಾರು ೨೪ ಕ್ಯಾಲೊರಿಯನ್ನು ಶಾಶ್ವತವಾಗಿ ಕಡಮೆ ಮಾಡಿದರೆ ಕಟ್ಟಕಡೆಗೆ ಒಂದು ಕಿಲೋಗ್ರಾಂ ಇಳಿಯುತ್ತದೆ. ಅದರಲ್ಲಿ ಅರ್ಧ ಭಾಗ ಇಳಿಯಲು ಒಂದು ವರ್ಷ, ಹೆಚ್ಚುಕಡಮೆ ಪೂರ್ತಿ ಇಳಿಯಲು ಮೂರು ವರ್ಷ ಬೇಕು. ನಮ್ಮ ಉದಾಹರಣೆಯ ೮೦ ಕ್ಯಾಲೊರಿಗೆ ಇದನ್ನು ಅನ್ವಯಿಸಿದರೆ ಮೊದಲ ವರ್ಷದಲ್ಲಿ ಒಂದೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು, ಮೂರು ವರ್ಷಗಳಲ್ಲಿ ಮೂರು ಕಿಲೋಗ್ರಾಮಿನಷ್ಟು ಇಳಿಯುತ್ತದೆಂದು ತಿಳಿದುಬರುತ್ತದೆ. ಮೊತ್ತವು ಸಣ್ಣದೆಂದು ಹೀನಯಿಸಬಾರದು. ಅದಕ್ಕಾಗಿ ಮಾಡಿದುದು ನಾಲ್ಕು ಚಮಚ ಸಕ್ಕರೆಯ ತ್ಯಾಗವಷ್ಟೆ. ಆದರೆ ಸೂತ್ರದಲ್ಲಿನ ‘ಶಾಶ್ವತವಾಗಿ’ ಎಂಬ ಮಾತು ಮುಖ್ಯ. ಸಕ್ಕರೆಯು ಮತ್ತೆ ಲೋಟಕ್ಕೆ ಬಂದ ದಿನದಿಂದ ಕೆರೆಯ ಮಟ್ಟವೂ ಮತ್ತೆ ಏರತೊಡಗುತ್ತದೆ.

ಹಸಿದ ದೇಹದ ಉಪಾಯಗಳು

ಇಷ್ಟು ನಿಧಾನವೇಕೆ, ಹದಿನೈದು ದಿನ ಬಿಗಿಯಾಗಿ ಉಪವಾಸವಿದ್ದು ಮುಗಿಸಿಬಿಡೋಣ ಎಂದು ಹಲವರು ಹೊರಡುವುದುಂಟು. ಮೊದಲ ವಾರದಲ್ಲಿಯೇ ಎರಡು ಕಿಲೋಗ್ರಾಂ ಇಳಿದುದನ್ನು ಕಂಡು ಹಿಗ್ಗುವುದೂ ಉಂಟು. ಆದರೆ ಇಳಿದುದರಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜೆನ್ ಎಂಬ ಶರ್ಕರಪಿಷ್ಟವು ಸುಮಾರು ಅರ್ಧ ಕಿಲೋಗ್ರಾಮಿನಷ್ಟು ಶೇಖರವಾಗಿರುತ್ತದೆ; ಪ್ರತಿಯೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಉಪವಾಸದ ಮೊದಲ ದಿನಗಳಲ್ಲಿ ಖರ್ಚಾಗುವುದು ಈ ಶೇಖರಣೆ. ಉಪವಾಸ ಬಿಟ್ಟು ಎರಡು ದಿನ ಅನ್ನ ಉಂಡರೆ ಅದು ನೀರಿನೊಡನೆ ಹಿಂದಿರುಗುತ್ತದೆ.

ಉಪವಾಸವನ್ನು ಇನ್ನೂ ಮುಂದುವರಿಸಿದರೆ ಏನಾಗುತ್ತದೆ? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು ೧೯೪೪–೪೫ರಲ್ಲಿ ನಡೆಸಿದ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಯುದ್ಧದಿಂದ ಕಂಗೆಟ್ಟ ಯೂರೋಪಿನ ಹಸಿದ ಜನರನ್ನು ಮತ್ತೆ ಪೋಷಿಸುವ ಬಗೆಯನ್ನು ತಿಳಿಯುವುದು ಅದರ ಉದ್ದೇಶ. ತಾವಾಗಿಯೇ ಮುಂದೆ ಬಂದ ೩೬ ಮಂದಿ ಆರೋಗ್ಯವಂತ ಯುವಕರಿಗೆ ೨೪ ವಾರ ಅರೆಹೊಟ್ಟೆಯ ಆಹಾರವನ್ನು ಕೊಡಲಾಯಿತು. ಅವರ ತೂಕವು ಸುಮಾರು ಕಾಲು ಭಾಗದಷ್ಟು ಇಳಿಯಿತು. ಆದರೆ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ಸುಮಾರು ಶೇಕಡ ೪೦ರಷ್ಟು, ವಿಶ್ರಾಂತಿಯ ಕಾಲದ ಶಕ್ತಿವ್ಯಯವು ಇಳಿದುಹೋಯಿತು. ಮೈ ತಣ್ಣಗಾಯಿತು; ಉತ್ಸಾಹ ಉಡುಗಿತು; ಹಗಲಿರುಳೂ ಆಹಾರದ ಚಿಂತೆಯೇ ಆಯಿತು. ಕೆಲವರು ಅಡಿಗೆಯ ಪುಸ್ತಕಗಳನ್ನು ಕಥೆ ಓದುವಂತೆ ಓದುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣಲು ಬಿಟ್ಟಾಗ ಎಷ್ಟು ಉಂಡರೂ ಅವರಲ್ಲಿ ಹಲವರಿಗೆ ತೃಪ್ತಿಯಾಗಲಿಲ್ಲ.

ದೇಹವು ಹೀಗೆ ವರ್ತಿಸಲು ಕಾರಣವೇನೆಂಬುದು ಬಹುಮಟ್ಟಿಗೆ ತಿಳಿದದ್ದು ೧೯೯೪ರಲ್ಲಿ. ನ್ಯೂಯಾರ್ಕಿನಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಹೋದ್ಯೋಗಿಗಳು ಕೊಬ್ಬಿನ ಕೋಶಗಳೇ ಸ್ರವಿಸುವ ಒಂದು ಹಾರ್ಮೋನನ್ನು ಕಂಡುಹಿಡಿದರು. ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಕೊಬ್ಬಿನ ಸಂಗ್ರಹ ಇಳಿದಾಗ ರಕ್ತದಲ್ಲಿ ಲೆಪ್ಟಿನ್ ಇಳಿಯುತ್ತದೆ. ಮಿದುಳು ಇದನ್ನು ಬರಗಾಲದ ಸೂಚನೆಯೆಂದು ತಿಳಿದು ಹಸಿವನ್ನು ಹೆಚ್ಚಿಸಿ ವೆಚ್ಚವನ್ನು ತಗ್ಗಿಸುತ್ತದೆ. ಆದುದರಿಂದ ಉಪವಾಸ ಬಿಟ್ಟವನು ಮತ್ತೆ ದಪ್ಪನಾದರೆ ಅವನನ್ನು ನಾಲಗೆಯ ಚಪಲದವನೆಂದು ಹಳಿಯುವುದು ಅನ್ಯಾಯ. ಅವನು ತನ್ನ ದೇಹದ ಪ್ರಾಚೀನವಾದ ಸ್ವರಕ್ಷಣೆಯೊಡನೆ ಹೋರಾಡಿ ಸೋತವನು. ಇತ್ತೀಚಿನ ವರ್ಷಗಳಲ್ಲಿ ಹಸಿವನ್ನು ತಗ್ಗಿಸುವ ಪ್ರಬಲವಾದ ಚುಚ್ಚುಮದ್ದುಗಳು ಬಂದಿವೆ. ರೋಗವು ತೀವ್ರವಾಗಿರುವವರಿಗೆ ವೈದ್ಯರು ಅವನ್ನು ಕೊಡುತ್ತಾರೆ. ಆದರೆ ಅವುಗಳಲ್ಲೊಂದನ್ನು ನಿಲ್ಲಿಸಿದವರನ್ನು ಒಂದು ವರ್ಷ ಪರೀಕ್ಷಿಸಿದಾಗ, ಇಳಿದಿದ್ದ ತೂಕದಲ್ಲಿ ಮೂರನೆಯ ಎರಡು ಭಾಗ ಹಿಂದಿರುಗಿದುದು ೨೦೨೨ರ ವರದಿಯಲ್ಲಿ ಕಂಡುಬಂದಿದೆ. ಮದ್ದಿನ ವಿಷಯದಲ್ಲಿಯೂ ಕೆರೆಯ ನಿಯಮವು ತಪ್ಪಿದ್ದಲ್ಲ.

ಸೆಣಬಿನ ಗಿರಣಿಯ ಪಾಠ

ಇನ್ನು ವ್ಯಾಯಾಮದ ಮಾತು. ದುಡಿದರೆ ಹಸಿವೂ ಹೆಚ್ಚುತ್ತದೆ, ಹೆಚ್ಚು ಉಣ್ಣುತ್ತೇವೆ, ಆದ್ದರಿಂದ ವ್ಯಾಯಾಮದಿಂದ ಫಲವಿಲ್ಲ ಎಂದು ವಾದಿಸುವವರುಂಟು. ಈ ವಾದವನ್ನು ಪರೀಕ್ಷಿಸಲು ನೆರವಾದ ಒಂದು ಪ್ರಸಿದ್ಧ ಅಧ್ಯಯನವು ನಮ್ಮ ದೇಶದಲ್ಲಿಯೇ ನಡೆಯಿತು. ಜಾನ್ ಮೇಯರ್ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಗೆ ಸೇರಿದ ೨೧೩ ಮಂದಿಯ ಆಹಾರ, ಕೆಲಸ ಮತ್ತು ತೂಕಗಳನ್ನು ಪರಿಶೀಲಿಸಿ ೧೯೫೬ರಲ್ಲಿ ಪ್ರಕಟಿಸಿದರು. ಹಗುರವಾದ ಕೆಲಸದಿಂದ ಹಿಡಿದು ಭಾರ ಹೊರುವ ಕೆಲಸದವರೆಗೆ, ಕೆಲಸ ಹೆಚ್ಚಿದಂತೆ ಆಹಾರವೂ ಹೆಚ್ಚುತ್ತ ಹೋಗಿ ತೂಕವು ಹೆಚ್ಚುಕಡಮೆ ಒಂದೇ ಸಮನಾಗಿದ್ದಿತು. ಆದರೆ ದಿನವಿಡೀ ಕುಳಿತೇ ಇರುತ್ತಿದ್ದ ಅಂಗಡಿಕಾರರಲ್ಲಿಯೂ ಮೇಲ್ವಿಚಾರಕರಲ್ಲಿಯೂ ಈ ಕ್ರಮ ತಪ್ಪಿದ್ದಿತು. ಅವರು ಹಗುರ ಕೆಲಸದವರಿಗಿಂತ ಕಡಮೆ ಉಣ್ಣುವ ಬದಲು ಹೆಚ್ಚು ಉಣ್ಣುತ್ತಿದ್ದರು, ತೂಕವೂ ಹೆಚ್ಚಾಗಿದ್ದಿತು. ಮೈ ಸ್ವಲ್ಪವಾದರೂ ಆಡುತ್ತಿದ್ದರೆ ಹಸಿವಿನ ತಕ್ಕಡಿ ಸರಿಯಾಗಿ ತೂಗುತ್ತದೆ, ಪೂರ್ತಿ ಕುಳಿತವರಲ್ಲಿ ಅದು ಹದ ತಪ್ಪುತ್ತದೆ ಎಂದು ಅವರು ಊಹಿಸಿದರು.

ಅದೇ ಕಾಲದಲ್ಲಿ ಲಂಡನ್ನಿನ ಜೆರೆಮಿ ಮಾರಿಸ್ ಅವರು ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸುತ್ತಿದ್ದರು. ಇಡೀ ದಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ, ಕುಳಿತೇ ಇರುವ ಚಾಲಕರಿಗಿಂತ ಹೃದ್ರೋಗವು ಕಡಮೆಯೆಂದು ಅವರು ೧೯೫೩ರಲ್ಲಿ ತೋರಿಸಿದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ನೌಕರರ ಸಮವಸ್ತ್ರಗಳ ಅಳತೆಗಳನ್ನು ತೆಗೆಸಿ ನೋಡಿದಾಗ, ಚಿಕ್ಕ ವಯಸ್ಸಿನ ಚಾಲಕರ ಸೊಂಟದ ಸುತ್ತಳತೆಯೂ ಕಂಡಕ್ಟರುಗಳದಕ್ಕಿಂತ ಹೆಚ್ಚೆಂಬುದು ಗೊತ್ತಾಯಿತು. ಇದನ್ನೂ ಅವರು ೧೯೫೬ರಲ್ಲಿ ಮುಚ್ಚಿಡದೆ ಪ್ರಕಟಿಸಿದರು. ಮೊದಲೇ ದಪ್ಪನಾಗಿದ್ದವರು ಕುಳಿತು ಮಾಡುವ ಕೆಲಸವನ್ನು ಆರಿಸಿಕೊಂಡಿರಲೂಬಹುದಷ್ಟೆ! ಇಂಥ ಅಧ್ಯಯನಗಳಲ್ಲಿ ಕಾರಣವಾವುದು, ಕಾರ್ಯವಾವುದು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕು.

ವ್ಯಾಯಾಮದ ಫಲವನ್ನು ಉತ್ಪ್ರೇಕ್ಷಿಸುವುದೂ ಸಲ್ಲದು. ೬೦ ಕಿಲೋಗ್ರಾಂ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು ೧೦೦ ಕ್ಯಾಲೊರಿ ವ್ಯಯವಾಗುತ್ತದೆ. ಹನ್ನೊಂದು ಗ್ರಾಂ ಎಣ್ಣೆ, ಎಂದರೆ ಒಂದು ದೊಡ್ಡ ಚಮಚಕ್ಕೂ ಕಡಮೆ, ಇದನ್ನು ಅಳಿಸಿಹಾಕುತ್ತದೆ. ನಡೆದು ಬಂದೆನೆಂಬ ಧೈರ್ಯದಿಂದ ಎರಡು ಬೋಂಡ ತಿಂದವರಿಗೆ ಲೆಕ್ಕದಲ್ಲಿ ನಷ್ಟವೇ. ಆದಕಾರಣ ತೂಕವನ್ನು ಇಳಿಸುವುದರಲ್ಲಿ ಊಟದ ಪಾಲು ಹೆಚ್ಚು. ಇಳಿದುದನ್ನು ಇಳಿದಲ್ಲಿಯೇ ನಿಲ್ಲಿಸುವುದರಲ್ಲಿ ವ್ಯಾಯಾಮದ ಪಾಲು ಹೆಚ್ಚು. ಅಲ್ಲದೆ ಊಟವನ್ನು ಮಾತ್ರ ತಗ್ಗಿಸಿದವರಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಮೈಯನ್ನು ದುಡಿಸುವುದು, ಭಾರ ಎತ್ತುವುದು, ದಂಡ ಬಸ್ಕಿಗಳನ್ನು ಮಾಡುವುದು ಸ್ನಾಯುವನ್ನು ಕಾಪಾಡುತ್ತವೆ.

ನಮ್ಮವರ ಮೈಕಟ್ಟು

ತೂಕವು ಹೆಚ್ಚೋ ಕಡಮೆಯೋ ಎಂದು ನಿರ್ಣಯಿಸಲು ಕಿಲೋಗ್ರಾಮಿನಲ್ಲಿರುವ ತೂಕವನ್ನು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು ರೂಢಿ. ಇದು ಬೆಲ್ಜಿಯಮಿನ ಕ್ವೆಟಲೆ ಎಂಬಾತನು ೧೮೩೨ರಲ್ಲಿ ಸೂಚಿಸಿದ ಕ್ರಮ. ಆದರೆ ತಕ್ಕಡಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ತಿಳಿಯದು. ಪುಣೆಯ ಡಾಕ್ಟರ್ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ನರೂ ೨೦೦೪ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರಿಗೂ ಈ ಅಂಕವು ೨೨.೩, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡ ೯.೧, ಯಾಜ್ಞಿಕರ ದೇಹದಲ್ಲಿ ಶೇಕಡ ೨೧.೨! ಭಾರತೀಯರು ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಒಳಗೆ ಕೊಬ್ಬು ಕೂಡುವುದು ಹೆಚ್ಚು. ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಮಧುಮೇಹಕ್ಕೆ ದಾರಿ ಮಾಡುವುದು ವಿಶೇಷವಾಗಿ ಈ ಹೊಟ್ಟೆಯ ಕೊಬ್ಬು. ಆದುದರಿಂದ ೨೦೦೯ರಲ್ಲಿ ಭಾರತೀಯ ತಜ್ಞರು ನಮ್ಮ ವಯಸ್ಕರ ಮಟ್ಟಿಗೆ ೨೩ನ್ನು ಮೀರಿದರೆ ಅಧಿಕ ತೂಕವೆಂದೂ, ಸೊಂಟದ ಸುತ್ತಳತೆ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರನ್ನು ಮುಟ್ಟಿದರೆ ಎಚ್ಚರ ವಹಿಸಬೇಕೆಂದೂ ಸೂಚಿಸಿದರು. ತಕ್ಕಡಿಯ ಜೊತೆಗೆ ದರ್ಜಿಯ ಅಳತೆಯ ಪಟ್ಟಿಯೂ ಮನೆಯಲ್ಲಿರುವುದು ಮೇಲು.

ಅಭ್ಯಾಸಗಳ ಬದಲಾವಣೆಯಿಂದ ನಿಜವಾಗಿಯೂ ರೋಗ ತಪ್ಪುವುದೆ? ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ೩,೨೩೪ ಜನರನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದ ಫಲವು ೨೦೦೨ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಶೇಕಡ ೭ರಷ್ಟನ್ನು ಇಳಿಸಿ ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿಯನ್ನು ಪಡೆದವರಲ್ಲಿ, ಮದ್ದಿನಂತೆ ಕಾಣುವ ಹುಸಿಗುಳಿಗೆಯನ್ನು ತೆಗೆದುಕೊಂಡವರಿಗಿಂತ, ಮಧುಮೇಹವು ಶೇಕಡ ೫೮ರಷ್ಟು ಕಡಮೆಯಾಯಿತು. ಮೆಟ್‌ಫಾರ್ಮಿನ್ ಔಷಧದಿಂದ ಆದ ಇಳಿತ ಶೇಕಡ ೩೧. ಚೆನ್ನೈಯಲ್ಲಿ ಡಾಕ್ಟರ್ ರಾಮಚಂದ್ರನ್ ಅವರ ತಂಡವು ೫೩೧ ಜನರಲ್ಲಿ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆಯು ನಮಗೆ ಇನ್ನೂ ಹತ್ತಿರದ್ದು. ದಿನಕ್ಕೆ ಅರ್ಧ ಗಂಟೆಯ ನಡಿಗೆ, ಸಕ್ಕರೆ ಮತ್ತು ಎಣ್ಣೆಗಳ ಮಿತ ಬಳಕೆ, ನಾರಿರುವ ಆಹಾರ, ಇಷ್ಟೇ ಅಲ್ಲಿನ ಉಪದೇಶ. ಮೂರು ವರ್ಷಗಳಲ್ಲಿ ಏನನ್ನೂ ಬದಲಿಸದವರಲ್ಲಿ ಶೇಕಡ ೫೫ ಮಂದಿಗೆ ಮಧುಮೇಹ ಬಂದರೆ, ಅಭ್ಯಾಸ ಬದಲಿಸಿದವರಲ್ಲಿ ಸುಮಾರು ಶೇಕಡ ೩೯ ಮಂದಿಗೆ ಬಂದಿತು. ಆಶ್ಚರ್ಯವೆಂದರೆ ಇವರ ತೂಕವು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿಯ ಮುಳ್ಳು ಅಲುಗದಿದ್ದಾಗಲೂ ಒಳ್ಳೆಯ ಅಭ್ಯಾಸವು ಒಳಗೆ ತನ್ನ ಕೆಲಸವನ್ನು ಮಾಡುತ್ತಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ದಿನಚರಿಯಲ್ಲಿ ಮಾಡತಕ್ಕ ಮಾರ್ಪಾಡು

ಹಾಗಾದರೆ ಏನು ಮಾಡಬೇಕು? ಅನ್ನವನ್ನೇ ಬಿಡಬೇಕಾದುದಿಲ್ಲ. ಅಕ್ಕಿಯಾದರೂ ರಾಗಿಯಾದರೂ ಗ್ರಾಮಿಗೆ ದೊರೆಯುವ ಶಕ್ತಿ ಹೆಚ್ಚುಕಡಮೆ ಒಂದೇ. ರಾಗಿಯಲ್ಲಿ ನಾರು ಹೆಚ್ಚು. ಯಾವುದನ್ನು ಉಣ್ಣುತ್ತೇವೆಂಬುದರಷ್ಟೇ ಎಷ್ಟು ಉಣ್ಣುತ್ತೇವೆಂಬುದೂ ಮುಖ್ಯ. ತಟ್ಟೆಯಲ್ಲಿ ಅನ್ನದ ರಾಶಿಯನ್ನು ಒಂದು ಹಿಡಿ ತಗ್ಗಿಸಿ, ಆ ಜಾಗದಲ್ಲಿ ಪಲ್ಯ, ಕೋಸಂಬರಿ, ಸೊಪ್ಪಿನ ಹುಳಿ ಇವುಗಳನ್ನು ಹೆಚ್ಚಿಸಬೇಕು. ಬೇಳೆಕಾಳು, ಮೊಸರು, ಮೊಟ್ಟೆ, ಮೀನು ಮೊದಲಾದ ಪ್ರೋಟೀನಿನ ಆಹಾರವು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ನಾಲ್ವರ ಸಂಸಾರವು ತಿಂಗಳಿಗೆ ತರುವ ಅಡಿಗೆ ಎಣ್ಣೆಯಲ್ಲಿ ಅರ್ಧ ಲೀಟರನ್ನು ಕಡಮೆ ಮಾಡಿದರೆ ತಲೆಗೆ ದಿನಕ್ಕೆ ಸುಮಾರು ೩೫ ಕ್ಯಾಲೊರಿ ತಗ್ಗುತ್ತದೆ. ರುಚಿಯಲ್ಲಿ ಭೇದ ತಿಳಿಯುವುದೂ ಕಷ್ಟ.

ಪೊಟ್ಟಣಗಳಲ್ಲಿ ಬರುವ ಸಿದ್ಧ ತಿನಿಸುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಮೇಲೆ ಹೇಳಿದ ಹಾಲ್ ಅವರೇ ೨೦೧೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೨೦ ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಬಹುವಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜವಾದ ಆಹಾರವನ್ನೂ ಕೊಟ್ಟು ಇಷ್ಟವಿದ್ದಷ್ಟು ತಿನ್ನಲು ಬಿಟ್ಟರು. ಎರಡರಲ್ಲಿಯೂ ಬಡಿಸಿದ ಶಕ್ತಿ, ಸಕ್ಕರೆ, ಕೊಬ್ಬು, ನಾರು ಒಂದೇ ಸಮನಾಗಿದ್ದವು. ಆದರೂ ಸಂಸ್ಕರಿಸಿದ ಆಹಾರದ ಕಾಲದಲ್ಲಿ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಹೆಚ್ಚು ತಿಂದು ೦.೯ ಕಿಲೋಗ್ರಾಂ ಹೆಚ್ಚಿದರು. ಸಹಜ ಆಹಾರದ ಕಾಲದಲ್ಲಿ ಅಷ್ಟೇ ಇಳಿದರು. ಮೆದುವಾದುದನ್ನು ಬೇಗ ಬೇಗ ನುಂಗುವಾಗ ಹೊಟ್ಟೆ ತುಂಬಿತೆಂಬ ಸಮಾಚಾರವು ಮಿದುಳಿಗೆ ಮುಟ್ಟುವ ಮೊದಲೇ ತಟ್ಟೆ ಬರಿದಾಗಿರುತ್ತದೆ. ಅಗಿದು ನಿಧಾನವಾಗಿ ಉಣ್ಣಬೇಕೆಂಬ ಹಿರಿಯರ ಮಾತು ಅರ್ಥವಿಲ್ಲದ್ದಲ್ಲ.

ಹೊಸ ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕು? ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ೯೬ ಮಂದಿಯನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಲೆಕ್ಕಕ್ಕೆ ೬೬ ದಿನಗಳೆಂದು ತಿಳಿದುಬಂದಿತು. ಕೆಲವರಿಗೆ ೧೮ ದಿನ ಸಾಕಾದರೆ ಕೆಲವರಿಗೆ ೨೫೪ ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಾಯಿತು. ನಿತ್ಯದ ಒಂದು ಕೆಲಸಕ್ಕೆ ಗಂಟುಹಾಕಿದ ಅಭ್ಯಾಸವು ಸುಲಭವಾಗಿ ಅಂಟಿಕೊಳ್ಳುತ್ತದೆ. ‘ನಾಳೆಯಿಂದ ವ್ಯಾಯಾಮ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ರಾತ್ರಿಯ ಊಟವಾದೊಡನೆ ಹದಿನೈದು ನಿಮಿಷ ನಡೆಯುತ್ತೇನೆ’ ಎಂಬ ಸಂಕಲ್ಪವು ಹೆಚ್ಚು ಬಾಳುತ್ತದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡುವುದಿಲ್ಲವೆಂಬುದೂ ಆ ಅಧ್ಯಯನದಲ್ಲಿ ಕಂಡಿತು. ಹಬ್ಬದ ದಿನ ಎರಡು ಹೋಳಿಗೆ ತಿಂದವರು ಮರುದಿನ ನಿರಾಶರಾಗಿ ಎಲ್ಲವನ್ನೂ ಕೈಬಿಡಬೇಕಾದ ಕಾರಣವಿಲ್ಲ.

ನಮ್ಮ ತರುಣ ವಾಚಕರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಬೆಳೆಯುವ ವಯಸ್ಸಿನಲ್ಲಿ ಎಲುಬು, ಸ್ನಾಯು, ಮಿದುಳುಗಳು ಆಹಾರವನ್ನು ಬೇಡುತ್ತವೆ. ಮೇಲೆ ಹೇಳಿದ ಅಂಕಗಳು ವಯಸ್ಕರಿಗೆ ಮಾತ್ರ ಸಲ್ಲುವಂಥವು. ಹದಿನೆಂಟರೊಳಗಿನವರಿಗೆ ವಯಸ್ಸಿಗೆ ತಕ್ಕ ಪಟ್ಟಿಗಳು ಬೇರೆ ಉಂಟು. ಚಿತ್ರದಲ್ಲಿ ಕಂಡವರಂತೆ ತೆಳ್ಳಗಾಗಬೇಕೆಂದು ಊಟ ಬಿಡುವುದು, ತಿಂದುದನ್ನು ವಾಂತಿ ಮಾಡುವುದು, ಗುಳಿಗೆ ನುಂಗುವುದು ಇವೆಲ್ಲ ಪ್ರಾಣಕ್ಕೇ ಅಪಾಯಕಾರಿ. ಕಾರಣವಿಲ್ಲದೆ ತೂಕವು ಬೇಗ ಏರಿದರೂ ಇಳಿದರೂ ಥೈರಾಯಿಡ್ ಮೊದಲಾದ ಗ್ರಂಥಿಗಳ ದೋಷವಿರಬಹುದಾದ್ದರಿಂದ ವೈದ್ಯರನ್ನು ಕಾಣಬೇಕು. ಓರಗೆಯವರಲ್ಲಿ ದಪ್ಪನಾಗಿರುವವರನ್ನು ಹಾಸ್ಯ ಮಾಡುವ ದುರಭ್ಯಾಸವನ್ನಂತೂ ಬಿಟ್ಟೇಬಿಡಬೇಕು. ಆಟದ ಬಯಲಿಗೆ ಅವರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಅವರಿಗೆ ಮಾಡಬಹುದಾದ ನಿಜವಾದ ಸಹಾಯ.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ರೋಗಗಳಿಗೆ ಬೇರೆ ಕಾರಣಗಳೂ ಉಂಟಾದುದರಿಂದ ಗಾದೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ‘ಬಲ್ಲವನು’ ಎಂಬ ಮಾತನ್ನು ಗಮನಿಸಬೇಕು. ಊಟವನ್ನು ಬಿಟ್ಟವನೆಂದು ಗಾದೆ ಹೇಳುವುದಿಲ್ಲ, ಬಲ್ಲವನೆಂದು ಹೇಳುತ್ತದೆ. ಇಂದಿನ ವಿಜ್ಞಾನವು ಹೇಳುವುದೂ ಅದನ್ನೇ. ಲೋಟದಲ್ಲಿ ಒಂದು ಚಮಚ, ತಟ್ಟೆಯಲ್ಲಿ ಒಂದು ಹಿಡಿ, ಸಂಜೆಯಲ್ಲಿ ಅರ್ಧ ಗಂಟೆ, ಇಷ್ಟನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರಿಗೆ ಬೇರೆ ವ್ರತವು ಬೇಕಾಗಲಾರದು.